ಒಬ್ಬ ಪೂರ್ವಿಕ, ಮೂರು ದಾಖಲೆ: ಆನ್‌ಲೈನ್ ವಂಶವೃಕ್ಷದಲ್ಲಿ ನಕಲು ನಮೂದುಗಳನ್ನು ಒಂದುಗೂಡಿಸುವ ಬಗೆ

ಆಳಂದ ತಾಲ್ಲೂಕಿನ ಒಂದು ಹಳ್ಳಿಯಲ್ಲಿ 1928ರ ಆರಂಭದಲ್ಲಿ ತೀರಿಕೊಂಡ ಒಬ್ಬ ರೈತನನ್ನು ಉದಾಹರಣೆಗಾಗಿ ಕಲ್ಪಿಸಿಕೊಳ್ಳೋಣ. ಹೆಸರು ಸಂಗಪ್ಪ, ತಂದೆ ಶರಣಪ್ಪ. ಇಬ್ಬರು ಗಂಡುಮಕ್ಕಳು, ಒಬ್ಬಳು ಮಗಳು. ಹಿರಿಯ ಮಗನ ವಂಶದವರು ಇಂದು ಕಲಬುರಗಿ ನಗರದಲ್ಲಿದ್ದಾರೆ. ಕಿರಿಯ ಮಗನ ಮನೆಯವರು ರಜಾಕಾರರ ಹಾವಳಿಯ ದಿನಗಳಲ್ಲಿ ಗಡಿ ದಾಟಿ ಸೋಲಾಪುರಕ್ಕೆ ಹೋಗಿ ಅಲ್ಲಿಯೇ ನೆಲೆ ನಿಂತರು. ಮಗಳನ್ನು ಭಾಲ್ಕಿಯ ಕಡೆಗೆ ಕೊಟ್ಟಿದ್ದರು. ಈ ಮೂರು ಕವಲುಗಳಲ್ಲಿಯೂ ಮನೆತನದ ಚರಿತ್ರೆಯಲ್ಲಿ ಆಸಕ್ತಿಯುಳ್ಳ ಒಬ್ಬೊಬ್ಬರು ಹುಟ್ಟಿಕೊಂಡು, ಒಬ್ಬರಿಗೊಬ್ಬರು ಪರಿಚಯವಿಲ್ಲದೆಯೇ ಒಂದೇ ಆನ್‌ಲೈನ್ ವಂಶವೃಕ್ಷದಲ್ಲಿ ಸಂಗಪ್ಪನನ್ನು ಸೇರಿಸಿದರೆಂದುಕೊಳ್ಳಿ. ಕಲಬುರಗಿಯವರು ಬರೆದದ್ದು ‘ಸಂಗಪ್ಪ ಶರಣಪ್ಪ ಮಾಲಿಪಾಟೀಲ, ಮರಣ 1337’. ಸೋಲಾಪುರದವರು ಬರೆದದ್ದು ‘ಸಂಗಪ್ಪಾ ಪಾಟೀಲ, ಮರಣ 1849’. ಭಾಲ್ಕಿಯವರು ತಮ್ಮ ಮುತ್ತಜ್ಜಿಯ ತಂದೆಯೆಂದು ಬರೆದದ್ದು ‘ಸಂಗಣ್ಣ, ಮರಣ ಅಂದಾಜು 1928’. ಮೂರೂ ದಾಖಲೆಗಳು ಒಬ್ಬನೇ ಮನುಷ್ಯನವು, ಮತ್ತು ಮೂರರಲ್ಲಿ ಯಾವುದನ್ನೂ ಸುಳ್ಳೆಂದು ತಳ್ಳಿಹಾಕುವಂತಿಲ್ಲ. ಇಂಥ ನಮೂದುಗಳನ್ನು ಗುರುತಿಸಿ, ಪರೀಕ್ಷಿಸಿ, ಒಂದೇ ದಾಖಲೆಯಾಗಿ ಮಾಡುವ ಕೆಲಸಕ್ಕೆ ವಿಲೀನ ಎನ್ನುತ್ತಾರೆ. ರೂಢಿಯ ಮಾತಿನಲ್ಲಿ ಮರ್ಜ್ ಮಾಡುವುದು.

ವಿಲೀನವೆಂದರೆ ಹೆಚ್ಚಾದ ನಮೂದನ್ನು ಅಳಿಸಿಹಾಕುವುದು ಎಂಬ ತಿಳಿವಳಿಕೆ ವ್ಯಾಪಕವಾಗಿದೆ, ಮತ್ತು ಬಹುಪಾಲು ಹಾನಿ ಆಗುವುದು ಅದರಿಂದಲೇ. ಎರಡು ದಾಖಲೆಗಳನ್ನು ವಿಲೀನಗೊಳಿಸುವವರು ‘ಇಲ್ಲಿರುವ ಎರಡು ಕಂತೆ ಪುರಾವೆಗಳೂ ಒಬ್ಬನೇ ವ್ಯಕ್ತಿಗೆ ಸೇರಿದವು’ ಎಂಬ ತೀರ್ಮಾನವನ್ನು ಎಲ್ಲರ ಮುಂದೆ ದಾಖಲಿಸುತ್ತಿರುತ್ತಾರೆ. ಆ ತೀರ್ಮಾನ ಸರಿಯಿದ್ದರೆ ಮೂರು ಮನೆಗಳ ನೆನಪು ಒಂದೆಡೆ ಸೇರುತ್ತದೆ. ತಪ್ಪಿದ್ದರೆ, ನಿಜವಾಗಿ ಬಾಳಿಹೋದ ಒಬ್ಬ ಮನುಷ್ಯ ಮತ್ತೊಬ್ಬನೊಳಗೆ ಕರಗಿಹೋಗುತ್ತಾನೆ. ಅವನ ಹೆಂಡತಿ ಮಕ್ಕಳು ಅಪರಿಚಿತನೊಬ್ಬನ ಹೆಂಡತಿ ಮಕ್ಕಳಾಗುತ್ತಾರೆ. ಆದ್ದರಿಂದ ಈ ಕೆಲಸದಲ್ಲಿ ಗುಂಡಿ ಒತ್ತುವುದಕ್ಕೆ ಬೇಕಾದ ಸಮಯ ಅತ್ಯಲ್ಪ, ಅದಕ್ಕಿಂತ ಮುಂಚೆ ನಡೆಯಬೇಕಾದ ವಿಚಾರಣೆಯೇ ದೊಡ್ಡದು.

ಮೊದಲು ವಂಶವೃಕ್ಷಗಳ ಬಗೆಯನ್ನು ತಿಳಿಯಬೇಕು. ಆನ್ಸೆಸ್ಟ್ರಿ, ಮೈಹೆರಿಟೇಜ್‌ಗಳಂಥ ತಾಣಗಳಲ್ಲಿ ಪ್ರತಿ ಸದಸ್ಯನಿಗೂ ತನ್ನದೇ ಆದ ಮರವಿರುತ್ತದೆ. ಅಲ್ಲಿ ಬೇರೊಬ್ಬರ ಮರದಲ್ಲಿ ನಿಮ್ಮ ಅಜ್ಜನೇ ಇದ್ದರೂ ಅದು ನಕಲು ಎನಿಸುವುದಿಲ್ಲ, ನಿಮ್ಮ ಮರದೊಳಗೇ ಎರಡು ಸಲ ಬಂದರೆ ಮಾತ್ರ ತೊಂದರೆ. ಫ್ಯಾಮಿಲಿಸರ್ಚ್, ವಿಕಿಟ್ರೀ ಮತ್ತು ಜೆನಿ ತಾಣಗಳ ಧ್ಯೇಯ ಬೇರೆ. ಇಡೀ ಮಾನವಕುಲಕ್ಕೆ ಒಂದೇ ಮರ, ಒಬ್ಬ ವ್ಯಕ್ತಿಗೆ ಒಂದೇ ಪುಟ ಎಂಬುದು ಅವುಗಳ ನಿಯಮ. ಜೆನಿ 2007ರಲ್ಲಿ, ವಿಕಿಟ್ರೀ 2008ರಲ್ಲಿ ಆರಂಭವಾದವು. ಉಚಿತವಾಗಿರುವ ಫ್ಯಾಮಿಲಿಸರ್ಚ್‌ನ ಬೇರು 1894ರಲ್ಲಿ ಅಮೆರಿಕದ ಯೂಟಾದಲ್ಲಿ ಸ್ಥಾಪನೆಯಾದ ವಂಶಾವಳಿ ಸಂಘದಲ್ಲಿದೆ. ಈ ಹಂಚಿಕೆಯ ಮರಗಳಲ್ಲಿ ಯಾರು ಬೇಕಾದರೂ ಪೂರ್ವಿಕರನ್ನು ಸೇರಿಸಬಹುದಾದ್ದರಿಂದ ನಕಲುಗಳು ಸಹಜವಾಗಿ ಹುಟ್ಟುತ್ತವೆ. ತಮ್ಮ ಕಂಪ್ಯೂಟರಿನಲ್ಲಿ ಕಟ್ಟಿಕೊಂಡ ವಂಶಾವಳಿಯನ್ನು ಗೆಡ್‌ಕಾಮ್ ಎಂಬ ಕಡತವಾಗಿ ಒಮ್ಮೆಲೇ ಏರಿಸಿದಾಗಲಂತೂ ನೂರಾರು ನಕಲುಗಳು ಒಂದೇ ಬಾರಿಗೆ ಬಂದು ಕೂರುತ್ತವೆ. 1984ರಲ್ಲಿ ಬಂದ ಈ ಕಡತ ವಿನ್ಯಾಸದಲ್ಲಿ ಪ್ರತಿ ವ್ಯಕ್ತಿಗೂ ಇರುವ ಸಂಖ್ಯೆ ಆ ಕಡತದೊಳಗೆ ಮಾತ್ರ ಅರ್ಥವುಳ್ಳದ್ದು. ಹೊರಗಿನ ಮರದಲ್ಲಿ ಅದೇ ಮನುಷ್ಯ ಈಗಾಗಲೇ ಇದ್ದಾನೆಯೇ ಎಂಬುದನ್ನು ಅದು ಹೇಳಲಾರದು.

ಹಂಚಿಕೆಯ ಮರದಲ್ಲಿ ಪ್ರತಿ ವ್ಯಕ್ತಿಗೂ ಒಂದು ಐಡಿ ಇರುತ್ತದೆ. ಫ್ಯಾಮಿಲಿಸರ್ಚ್‌ನಲ್ಲಿ ವಿಲೀನ ಆರಂಭಿಸಿದಾಗ ಎರಡು ದಾಖಲೆಗಳು ಅಕ್ಕಪಕ್ಕದಲ್ಲಿ ತೆರೆದುಕೊಳ್ಳುತ್ತವೆ. ಯಾವ ಐಡಿ ಉಳಿಯಬೇಕೆಂಬುದನ್ನು ನೀವು ನಿರ್ಧರಿಸುತ್ತೀರಿ. ಹೆಸರು, ಜನನ, ಮರಣ, ಸ್ಥಳ ಇವುಗಳಲ್ಲಿ ಯಾವ ಪಾಠ (ಬರೆದ ರೂಪ) ಉಳಿಯಬೇಕೆಂಬುದನ್ನೂ ಒಂದೊಂದಾಗಿ ಆರಿಸುತ್ತೀರಿ. ಅನಂತರ ತಂದೆತಾಯಿ, ಸಂಗಾತಿ, ಮಕ್ಕಳ ಸಂಬಂಧಗಳು ಮತ್ತು ಆಧಾರ ದಾಖಲೆಗಳು ಉಳಿಯುವ ಪುಟಕ್ಕೆ ಸೇರುತ್ತವೆ. ಕೊನೆಯಲ್ಲಿ ಕಾರಣ ಬರೆಯುವ ಜಾಗವಿದೆ. ವಿಕಿಟ್ರೀಯಲ್ಲಿ ಸಾಮಾನ್ಯವಾಗಿ ಚಿಕ್ಕ ಸಂಖ್ಯೆಯ ಪುಟ ಉಳಿಯುತ್ತದೆ, ಮತ್ತೊಂದರ ವಿಳಾಸ ಉಳಿದ ಪುಟಕ್ಕೆ ತಿರುಗುತ್ತದೆ. ಪುಟ ನೋಡಿಕೊಳ್ಳುವವರ ಒಪ್ಪಿಗೆ ಬೇಕು, 30 ದಿನಗಳವರೆಗೆ ಅವರು ಉತ್ತರಿಸದಿದ್ದರೆ ಒಪ್ಪಿಗೆಯಾಯಿತೆಂದೇ ಪರಿಗಣಿಸಲಾಗುತ್ತದೆ. ಜೆನಿಯಲ್ಲಿ ವಿಲೀನದ ನಂತರ ಉಳಿಯುವ ವ್ಯತ್ಯಾಸಗಳನ್ನು ‘ಸಂಘರ್ಷ’ಗಳೆಂದು ತೋರಿಸಿ, ಅವುಗಳನ್ನು ಬಿಡಿಸುವ ಹೊಣೆಯನ್ನು ಸದಸ್ಯರಿಗೆ ವಹಿಸುತ್ತಾರೆ. ಹೊಲದ ಎರಡು ಖಾತೆಗಳನ್ನು ಒಂದು ಮಾಡಿದಾಗ ಹಳೆಯ ಪಹಣಿಗಳನ್ನು ಹರಿದೆಸೆಯದೆ ದಫ್ತರದಲ್ಲಿ ಇಟ್ಟುಕೊಳ್ಳುವಂತೆಯೇ ಇಲ್ಲಿಯೂ ಬದಲಾವಣೆಗಳ ಇತಿಹಾಸ ಉಳಿದಿರುತ್ತದೆ.

ನಕಲು ಇರಬಹುದೆಂದು ತಾಣವೇ ಸೂಚನೆ ಕೊಡುತ್ತದೆ. ಆ ಸೂಚನೆ ಎಲ್ಲಿಂದ ಬರುತ್ತದೆ ಎಂಬುದನ್ನು ತಿಳಿದರೆ ಅದಕ್ಕೆ ಎಷ್ಟು ಬೆಲೆ ಕೊಡಬೇಕೆಂಬುದೂ ತಿಳಿಯುತ್ತದೆ. ಹೆಸರುಗಳನ್ನು ಉಚ್ಚಾರದ ಮೇಲೆ ಗುಂಪು ಮಾಡುವ ಅತಿ ಹಳೆಯ ವಿಧಾನ 1918ರಲ್ಲಿ ಅಮೆರಿಕದಲ್ಲಿ ಪೇಟೆಂಟ್ ಪಡೆದ ಸೌಂಡೆಕ್ಸ್. ಅದು ಹೆಸರಿನ ಮೊದಲ ರೋಮನ್ ಅಕ್ಷರವನ್ನು ಇಟ್ಟುಕೊಂಡು, ಸ್ವರಗಳನ್ನು ಬಿಟ್ಟು, ಉಳಿದ ವ್ಯಂಜನಗಳಿಗೆ ಅಂಕಿ ಕೊಡುತ್ತದೆ. ಈ ಲೆಕ್ಕದಲ್ಲಿ ಬಸಪ್ಪ ಮತ್ತು ಭಾಗಪ್ಪ ಎರಡಕ್ಕೂ ‘ಬಿ-210’ ಎಂಬ ಒಂದೇ ಸಂಕೇತ ಬರುತ್ತದೆ. ಒಬ್ಬನೇ ಮನುಷ್ಯನನ್ನು ಕರೆಯುವ ಬಸಪ್ಪ ಮತ್ತು ಬಸಣ್ಣ ಎಂಬ ರೂಪಗಳಿಗೆ ಬೇರೆ ಬೇರೆ ಸಂಕೇತಗಳು ಬರುತ್ತವೆ. ಇಂದಿನ ತಾಣಗಳ ಹೋಲಿಕೆ ಇದಕ್ಕಿಂತ ಬಹಳ ಮುಂದುವರಿದಿದೆ. ಆದರೂ ನಮ್ಮ ಹೆಸರುಗಳ ಒಳಗಿನ ವ್ಯವಸ್ಥೆ ಯಂತ್ರಕ್ಕಿಂತ ನಮಗೇ ಚೆನ್ನಾಗಿ ಗೊತ್ತು. ಹೆಸರಿನ ಕೊನೆಯ ‘ಅಪ್ಪ’ ಮತ್ತು ‘ಅಣ್ಣ’ ಗೌರವಕ್ಕೆ ತಕ್ಕಂತೆ ಅದಲುಬದಲಾಗಬಹುದು. ಆದರೆ ಬಸಯ್ಯನನ್ನು ಅಷ್ಟೇ ಸಲೀಸಾಗಿ ಬಸಪ್ಪನೊಂದಿಗೆ ಸೇರಿಸಲಾಗದು, ಏಕೆಂದರೆ ‘ಅಯ್ಯ’ ಎಂಬುದು ಬಹಳ ಕಡೆ ಜಂಗಮ ಮನೆತನವನ್ನು ಸೂಚಿಸುತ್ತದೆ.

ದಾಖಲೆಗಳ ಜೋಡಣೆಗೆ ಗಣಿತದ ಆಧಾರ ಒದಗಿಸಿದವರು ಫೆಲ್ಲೆಗಿ ಮತ್ತು ಸುಂಟರ್ ಎಂಬ ಸಂಖ್ಯಾಶಾಸ್ತ್ರಜ್ಞರು. 1969ರಲ್ಲಿ ಅವರು ಪ್ರಕಟಿಸಿದ ಸಿದ್ಧಾಂತದ ಒಂದು ತಿರುಳನ್ನು ಪ್ರತಿ ವಂಶಾವಳಿಕಾರರೂ ನೆನಪಿಡಬೇಕು. ಎರಡು ದಾಖಲೆಗಳಲ್ಲಿ ಒಂದು ಅಂಶ ಹೊಂದಿಕೆಯಾದಾಗ, ಆ ಅಂಶ ಎಷ್ಟು ಅಪರೂಪವೋ ಅಷ್ಟು ಅದರ ತೂಕ ಹೆಚ್ಚು. ಶರಣಬಸವೇಶ್ವರರ ಗುಡಿಯಿರುವ ಕಲಬುರಗಿಯಲ್ಲಿ ಇಬ್ಬರಿಗೂ ಶರಣಬಸಪ್ಪ ಎಂಬ ಹೆಸರಿದೆ ಎಂಬುದರಿಂದ ಏನೂ ಸಿದ್ಧವಾಗುವುದಿಲ್ಲ. ಮಾಣಿಕಪ್ರಭುಗಳ ಸನ್ನಿಧಾನವಿರುವ ಹುಮನಾಬಾದ ಸೀಮೆಯಲ್ಲಿ ಮಾಣಿಕಪ್ಪ ಎಂಬ ಹೆಸರೂ ಹಾಗೆಯೇ. ಆದರೆ ಅದೇ ಮಾಣಿಕಪ್ಪ ದೂರದ ಸುರಪುರದ ಒಂದು ಹಳ್ಳಿಯ ಎರಡು ದಾಖಲೆಗಳಲ್ಲಿ ಕಂಡರೆ, ಅದು ಯೋಚಿಸಬೇಕಾದ ಸಂಗತಿ. ಅಡ್ಡಹೆಸರುಗಳಿಗೂ ಇದೇ ಮಾತು ಅನ್ವಯಿಸುತ್ತದೆ. ಮಾಲಿಪಾಟೀಲ, ಪೊಲೀಸ್ ಪಾಟೀಲ, ಕುಲಕರ್ಣಿ ಎಂಬಿವು ನಿಜಾಮರ ಕಾಲದ ಗ್ರಾಮಾಧಿಕಾರದ ಹುದ್ದೆಗಳಿಂದ ಬಂದವು, ಹೆಚ್ಚುಕಡಿಮೆ ಊರೂರಿಗೂ ಇದ್ದವು. ಹಾಗಾಗಿ ರಕ್ತಸಂಬಂಧವೇ ಇಲ್ಲದ ನೂರಾರು ಮನೆತನಗಳು ಒಂದೇ ಅಡ್ಡಹೆಸರಿನಲ್ಲಿ ಗುರುತಾಗುತ್ತವೆ, ಒಂದೇ ಮನೆತನದ ಅಣ್ಣತಮ್ಮಂದಿರು ಬೇರೆ ಬೇರೆ ಅಡ್ಡಹೆಸರುಗಳಲ್ಲಿ ಗುರುತಾಗುತ್ತಾರೆ. ಮೇಲಿನ ಸಂಗಪ್ಪನ ಒಂದು ದಾಖಲೆಯಲ್ಲಿ ಮಾಲಿಪಾಟೀಲ, ಇನ್ನೊಂದರಲ್ಲಿ ಬರೀ ಪಾಟೀಲ, ಮತ್ತೊಂದರಲ್ಲಿ ಅಡ್ಡಹೆಸರೇ ಇಲ್ಲ ಎಂಬುದು ಅವರು ಮೂವರೆಂಬುದಕ್ಕೆ ಸಾಕ್ಷಿಯಾಗದು.

ಹೆಸರಿನ ವಿಷಯದಲ್ಲಿ ಇದಕ್ಕಿಂತ ದೊಡ್ಡ ತೊಡಕು ನಮ್ಮ ನಾಮಕರಣದ ಪದ್ಧತಿಯಲ್ಲಿದೆ. ಮೊಮ್ಮಗನಿಗೆ ಅಜ್ಜನ ಹೆಸರಿಡುವುದು ಇಲ್ಲಿ ರೂಢಿ. ಶರಣಪ್ಪನ ಮಗ ಸಂಗಪ್ಪ, ಅವನ ಮಗ ಶರಣಪ್ಪ, ಅವನ ಮಗ ಮತ್ತೆ ಸಂಗಪ್ಪ. ಅಂದರೆ ‘ಸಂಗಪ್ಪ ತಂದೆ ಶರಣಪ್ಪ’ ಎಂಬ ನಮೂದು ಒಂದೇ ಊರಿನಲ್ಲಿ, ಒಂದೇ ಮನೆಯಲ್ಲಿ, ಒಂದೇ ಹೊಲದ ಸರ್ವೆ ನಂಬರಿನ ಎದುರಿಗೆ, ತಲೆಮಾರು ಬಿಟ್ಟು ತಲೆಮಾರು ಮರಳಿ ಬರುತ್ತದೆ. ತನ್ನ ಹೆಸರು, ತಂದೆಯ ಹೆಸರು, ಊರು ಈ ಮೂರೂ ಅಕ್ಷರಶಃ ಹೊಂದಿದರೂ ಅವರು ಅಜ್ಜ ಮೊಮ್ಮಗ ಆಗಿರಬಹುದು. ಇಂಥ ವಿಲೀನ ನಡೆದರೆ ನಡುವಿನ ತಲೆಮಾರೇ ಮಾಯವಾಗುತ್ತದೆ, ಅಥವಾ ಒಬ್ಬನು ತನಗೆ ತಾನೇ ಪೂರ್ವಿಕನಾಗುವ ಸುಳಿ ಮರದೊಳಗೆ ಹುಟ್ಟಿಕೊಳ್ಳುತ್ತದೆ. ಅಜ್ಜ ಮೊಮ್ಮಗನನ್ನು ಬೇರ್ಪಡಿಸುವುದು ಹೆಂಡತಿಯ ಹೆಸರು. ನೀಲಮ್ಮನ ಗಂಡ ಸಂಗಪ್ಪ ಯಾರು, ಗಂಗಮ್ಮನ ಗಂಡ ಸಂಗಪ್ಪ ಯಾರು ಎಂದು ಕೇಳಿದ ಕೂಡಲೇ ಊರಿನ ಹಿರಿಯರು ಇಬ್ಬರನ್ನೂ ಬೇರೆಯಾಗಿ ತೋರಿಸಬಲ್ಲರು.

ಹಳೆಯ ದಾಖಲೆಗಳನ್ನು ಓದುವಲ್ಲಿಯೂ ಹೆಸರು ಬದಲಾಗುತ್ತದೆ. ಹೈದರಾಬಾದ್ ಸಂಸ್ಥಾನದಲ್ಲಿ 1880ರ ದಶಕದಲ್ಲಿ ಫಾರಸಿಯ ಬದಲು ಉರ್ದು ಆಡಳಿತ ಭಾಷೆಯಾಯಿತು. ಆ ಸಂಸ್ಥಾನದಲ್ಲಿದ್ದ ನಮ್ಮ ಜಿಲ್ಲೆಗಳ ಕಂದಾಯ ಕಾಗದಗಳಲ್ಲಿ ತಂದೆಯ ಹೆಸರಿಗೆ ಮೊದಲು ‘ವಲ್ದ’ (ಇಂಥವರ ಮಗ) ಎಂದು ಕಾಣುವುದು ಅದರಿಂದಲೇ. ಉರ್ದು ಬರವಣಿಗೆಯಲ್ಲಿ ಹ್ರಸ್ವ ಸ್ವರಗಳನ್ನು ಸಾಮಾನ್ಯವಾಗಿ ಗುರುತಿಸುವುದಿಲ್ಲವಾದ್ದರಿಂದ ಸಂಗಪ್ಪ ಮತ್ತು ಸಿಂಗಪ್ಪ ಒಂದೇ ಬಗೆಯಲ್ಲಿ ಬರೆಯಲ್ಪಡುತ್ತವೆ. ಅವಸರದ ಶಿಕಸ್ತಾ ಕೈಬರಹದಲ್ಲಿ ನುಕ್ತೆಗಳು (ಅಕ್ಷರಗಳ ಚುಕ್ಕೆಗಳು) ಬಿಟ್ಟುಹೋದರೆ ‘ಬ’, ‘ಪ’, ‘ತ’, ‘ನ’ಗಳ ನಡುವಿನ ಭೇದವೂ ಅಳಿಯುತ್ತದೆ. ಬೀದರಿನ ಗಡಿಭಾಗದ ಮೋಡಿ (ಮರಾಠಿಯ ಹಳೆಯ ಕೈಬರಹದ ಲಿಪಿ) ಕಾಗದಗಳಲ್ಲಿ ಇಕಾರ ಈಕಾರಗಳಿಗೆ, ಉಕಾರ ಊಕಾರಗಳಿಗೆ ವ್ಯತ್ಯಾಸವಿಲ್ಲ. ಇಂಥ ಕಾಗದದಿಂದ ಓದಿ ಸೇರಿಸಿದ ‘ಸಿಂಗಪ್ಪ’ ನಿಮ್ಮ ಸಂಗಪ್ಪನೇ ಆಗಿರಬಹುದೆಂಬ ಸಾಧ್ಯತೆಯನ್ನು ಮನಸ್ಸಿನಲ್ಲಿಟ್ಟುಕೊಂಡು, ಸಾಧ್ಯವಾದರೆ ಮೂಲ ಕಾಗದವನ್ನು ಉರ್ದು ಬಲ್ಲವರಿಂದ ಮತ್ತೊಮ್ಮೆ ಓದಿಸಬೇಕು.

ಈಗ ಆ ಮೂರು ಮರಣ ವರ್ಷಗಳಿಗೆ ಬರೋಣ. ನಿಜಾಮ ಸರ್ಕಾರದ ದಫ್ತರಗಳಲ್ಲಿ ಬಳಕೆಯಲ್ಲಿದ್ದದ್ದು ಫಸಲಿ ವರ್ಷ, ಅಂದರೆ ಬೆಳೆ ಮತ್ತು ಕಂದಾಯದ ಲೆಕ್ಕದ ವರ್ಷ. ಅದು ಅಕ್ಟೋಬರಿನಲ್ಲಿ ಆಜೂರ್ ತಿಂಗಳಿನಿಂದ ಆರಂಭವಾಗುತ್ತಿತ್ತು. ಫಸಲಿಗೆ 590 ಕೂಡಿಸಿದರೆ ಆ ವರ್ಷ ಆರಂಭವಾದ ಇಸವಿ ದೊರೆಯುತ್ತದೆ. ಹೈದರಾಬಾದ್ ಭೂಕಂದಾಯ ಕಾಯ್ದೆಯನ್ನು 1317 ಫಸಲಿಯದೆಂದು ಕರೆಯುವುದು ಅದು 1907ರದ್ದಾದ್ದರಿಂದ. ಕಲಬುರಗಿಯವರ ದಾಖಲೆಯಲ್ಲಿರುವ 1337 ಫಸಲಿಯಾಗಿದ್ದರೆ ಅದು 1927ರ ಅಕ್ಟೋಬರಿನಿಂದ 1928ರ ಅಕ್ಟೋಬರಿನವರೆಗಿನ ಕಾಲ. ಆದರೆ ತಾಣದ ಕ್ಯಾಲೆಂಡರಿಗೆ ಫಸಲಿ ತಿಳಿಯದು. ಅದು 1337ನ್ನು ಕ್ರಿಸ್ತಶಕವೆಂದೇ ಹಿಡಿದು, ಕಲಬುರಗಿಯಲ್ಲಿ ಬಹಮನಿ ರಾಜ್ಯ ಸ್ಥಾಪನೆಯಾದ 1347ಕ್ಕೂ ಮೊದಲೇ ಸಂಗಪ್ಪನನ್ನು ಮಣ್ಣು ಮಾಡಿಬಿಡುತ್ತದೆ. ಸೋಲಾಪುರದವರ 1849 ಶಾಲಿವಾಹನ ಶಕೆ. ಅದಕ್ಕೆ 78 ಕೂಡಿಸಿದರೆ 1927–28ರ ಪ್ರಭವ ಸಂವತ್ಸರ. ಎರಡೂ ವರ್ಷಗಳು ಒಂದರ ಮೇಲೊಂದು ಬೀಳುವ ಅವಧಿ 1927ರ ಅಕ್ಟೋಬರಿನಿಂದ 1928ರ ಮಾರ್ಚಿನವರೆಗೆ. ಭಾಲ್ಕಿಯವರ ಅಂದಾಜು 1928 ಅದಕ್ಕೆ ವಿರುದ್ಧವಾಗಿಲ್ಲ. ಮೇಲ್ನೋಟಕ್ಕೆ ಸುಮಾರು ಆರುನೂರು ವರ್ಷಗಳ ಅಂತರದಲ್ಲಿದ್ದ ಮೂರು ಮರಣಗಳು ಹೀಗೆ ಆರು ತಿಂಗಳ ಒಳಗೆ ಬಂದು ಸೇರುತ್ತವೆ. ಯಂತ್ರ ಸೂಚಿಸದೇ ಬಿಟ್ಟ ಈ ಬಗೆಯ ನಕಲುಗಳೇ ನಮ್ಮ ಪ್ರದೇಶದಲ್ಲಿ ಅತ್ಯಂತ ಬೆಲೆಯುಳ್ಳವು ಎಂಬುದು ನನ್ನ ದೃಢವಾದ ಅಭಿಪ್ರಾಯ.

ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ನಾಲ್ಕಂಕಿಯ ಸಂಖ್ಯೆ ಫಸಲಿಯೋ ಹಿಜರಿಯೋ ಎಂಬುದನ್ನು ಮೂಲದಲ್ಲಿ ನೋಡಿಯೇ ನಿರ್ಧರಿಸಬೇಕು. ಹಿಜರಿ 1337 ಎಂದರೆ 1918ರ ಅಕ್ಟೋಬರಿನಿಂದ 1919ರ ಸೆಪ್ಟೆಂಬರಿನವರೆಗೆ, ಅಂದರೆ ಫಸಲಿಗಿಂತ ಒಂಬತ್ತು ವರ್ಷ ಹಿಂದೆ. ‘ಇನ್‌ಫ್ಲುಯೆಂಜಾ ಬಂದಾಗ ತೀರಿಕೊಂಡರು’ ಎಂಬ ಮಾತು ಮನೆಯಲ್ಲಿ ಉಳಿದಿದ್ದರೆ ಹಿಜರಿಯ ಕಡೆಗೆ ಒಲವು ಮೂಡಬೇಕು. ಸಂವತ್ಸರದ ಹೆಸರು ಮಾತ್ರ ಸಿಕ್ಕಿದ್ದರೆ ಅದು 60 ವರ್ಷಗಳಿಗೊಮ್ಮೆ ಮರಳುತ್ತದೆ. ಪ್ರಭವ 1867–68ರಲ್ಲಿಯೂ ಇತ್ತು. ಅಜ್ಜನ ಹೆಸರು ಮೊಮ್ಮಗನಿಗೆ ಬರುವ ಮನೆಯಲ್ಲಿ ಅರವತ್ತು ವರ್ಷಗಳ ಈ ಆವರ್ತನ ಅಜ್ಜನನ್ನೂ ಮೊಮ್ಮಗನನ್ನೂ ಬೆಸೆದುಬಿಡುವ ಅಪಾಯ ಇನ್ನೂ ಹೆಚ್ಚು.

ಸ್ಥಳನಾಮಗಳು ಇಷ್ಟು ಕಠಿಣವಲ್ಲ, ಆದರೆ ಅಲ್ಲಿಯೂ ಚರಿತ್ರೆ ತಿಳಿದಿರಬೇಕು. ಸುರಪುರದ ಒಂದು ಹಳ್ಳಿಯನ್ನೇ ತೆಗೆದುಕೊಳ್ಳಿ. 1858ರ ಬಂಡಾಯದ ತನಕ ಅದು ನಾಯಕ ಅರಸರ ಸಂಸ್ಥಾನ. 1860ರಲ್ಲಿ ಬ್ರಿಟಿಷರು ಅದನ್ನು ನಿಜಾಮರಿಗೆ ಒಪ್ಪಿಸಿದರು. 1956ರ ನವೆಂಬರ್ 1ರಿಂದ ಮೈಸೂರು ರಾಜ್ಯ, 1973ರಿಂದ ಕರ್ನಾಟಕ. 2009ರ ಡಿಸೆಂಬರಿನಲ್ಲಿ ಗುಲ್ಬರ್ಗಾ ಜಿಲ್ಲೆಯಿಂದ ಬೇರ್ಪಟ್ಟು ಯಾದಗಿರಿ ಜಿಲ್ಲೆ. ಗುಲ್ಬರ್ಗಾ ಕಲಬುರಗಿಯಾದದ್ದು 2014ರಲ್ಲಿ. ನೆಲ ಅಲ್ಲಿಯೇ ಇದ್ದರೂ ಕಾಗದದಲ್ಲಿ ಅದು ನಾಲ್ಕೈದು ವಿಳಾಸ ಹೊತ್ತಿರುತ್ತದೆ. ಬೀದರಿನ ಜನ ಇನ್ನೊಂದನ್ನು ಗಮನಿಸಬೇಕು: ಹಳೆಯ ಬೀದರ ಜಿಲ್ಲೆಯ ಉದಗೀರ, ನಿಲಂಗಾ, ಅಹ್ಮದಪುರಗಳು ಇಂದು ಮಹಾರಾಷ್ಟ್ರದಲ್ಲಿವೆ, ಜಹೀರಾಬಾದ್ ಮತ್ತು ನಾರಾಯಣಖೇಡ ತೆಲಂಗಾಣದಲ್ಲಿವೆ. ‘ಬೀದರ ಜಿಲ್ಲೆ’ ಎಂದು ಬರೆದ ಹಳೆಯ ದಾಖಲೆಯನ್ನು ಇಂದಿನ ನಕ್ಷೆಯಲ್ಲಿ ಮಾತ್ರ ಹುಡುಕಿದರೆ ಊರೇ ಸಿಗದಿರಬಹುದು. ಊರಿನ ಹೆಸರಿನ ಮುಂದಿನ ‘ಬಿ’, ‘ಕೆ’ ಅಕ್ಷರಗಳನ್ನು ಬಿಡಬಾರದು. ಬುಜುರ್ಗ, ಖುರ್ದ ಎಂದು ಹಿರಿಯ ಕಿರಿಯ ಊರುಗಳನ್ನು ಬೇರ್ಪಡಿಸುವ ಗುರುತುಗಳವು. ಕಲಬುರಗಿ ತಾಲ್ಲೂಕಿನ ಔರಾದ (ಬಿ) ಬೇರೆ, ಬೀದರ ಜಿಲ್ಲೆಯ ತಾಲ್ಲೂಕು ಕೇಂದ್ರವಾದ ಔರಾದ ಬೇರೆ.

ಹೆಸರು, ವರ್ಷ, ಸ್ಥಳ ಈ ಮೂರಕ್ಕಿಂತಲೂ ಗಟ್ಟಿಯಾದ ಪುರಾವೆ ಸಂಬಂಧಗಳ ಜಾಲ. ತಂದೆ, ತಾಯಿ, ಹೆಂಡತಿ, ಮಕ್ಕಳ ಕ್ರಮ, ಬೀಗರ ಊರು ಇವು ಒಟ್ಟಾಗಿ ಹೊಂದಿದರೆ ಹೆಸರಿನ ಕಾಗುಣಿತ ಎಷ್ಟೇ ಬೇರೆಯಿದ್ದರೂ ನಿರ್ಧಾರಕ್ಕೆ ಬರಬಹುದು. ಈ ಜಾಲದಲ್ಲಿ ಅತಿ ಮುಖ್ಯವಾದವಳು ಹೆಣ್ಣುಮಗಳು, ನಮ್ಮ ವಂಶಾವಳಿಗಳಲ್ಲಿ ಅತಿ ಹೆಚ್ಚು ಕಡೆಗಣಿಸಲ್ಪಟ್ಟವಳೂ ಅವಳೇ. ಫೌತಿ ಖಾತೆಗಾಗಿ ಬರೆಸಿದ ವಂಶವೃಕ್ಷಗಳು ಎಷ್ಟೋ ಸಲ ಗಂಡುಮಕ್ಕಳಲ್ಲಿಯೇ ಮುಗಿದಿರುತ್ತವೆ. ಸಂಗಪ್ಪನ ಮಗಳು ತವರಿನ ಮರದಲ್ಲಿ ಒಂದು ಹೆಸರಿನಿಂದ ಇರುತ್ತಾಳೆ; ಭಾಲ್ಕಿಯ ಕಡೆಯ ಮನೆಯಲ್ಲಿ ಮದುವೆಯಲ್ಲಿ ಹೆಸರು ಬದಲಿಸುವ ಪದ್ಧತಿಯಿದ್ದರೆ ಗಂಡನ ಮನೆಯ ಮರದಲ್ಲಿ ಬೇರೊಂದು ಹೆಸರಿನಿಂದ ಇರುತ್ತಾಳೆ. ತವರಿನ ದಾಖಲೆಯಲ್ಲಿ ಅವಳಿಗೆ ಗಂಡನಿಲ್ಲ, ಗಂಡನ ಮನೆಯ ದಾಖಲೆಯಲ್ಲಿ ಅವಳಿಗೆ ತಂದೆತಾಯಿಗಳಿಲ್ಲ. ಇಂಥ ಎರಡು ಅರೆಬರೆ ದಾಖಲೆಗಳನ್ನು ಪುರಾವೆಯೊಂದಿಗೆ ಒಂದುಗೂಡಿಸಿದ ಗಳಿಗೆಯಲ್ಲಿ ಎರಡು ಇಡೀ ಮನೆತನಗಳ ಮರಗಳು ಕೂಡಿಕೊಳ್ಳುತ್ತವೆ. ಹುಟ್ಟುಹೆಸರನ್ನು ಮುಖ್ಯ ಹೆಸರಾಗಿ, ಮದುವೆಯ ನಂತರದ ಹೆಸರನ್ನು ಪರ್ಯಾಯ ಹೆಸರಾಗಿ ಇಡಬೇಕು, ಯಾವುದನ್ನೂ ಬಿಡಬಾರದು. ಅವಳ ಎರಡು ದಾಖಲೆಗಳನ್ನು ಕೂಡಿಸಲು ಪಡುವ ಶ್ರಮ ಹತ್ತು ಗಂಡುನಾಮಗಳನ್ನು ಸರಿಪಡಿಸುವುದಕ್ಕಿಂತ ಮಿಗಿಲಾದ ಫಲ ಕೊಡುತ್ತದೆ.

ಸೋದರಮಾವನನ್ನು ಮದುವೆಯಾಗುವ, ಅತ್ತೆ ಮಾವಂದಿರ ಮಕ್ಕಳಲ್ಲಿ ಕೊಡು-ಕೊಳ್ಳುವ ಪದ್ಧತಿಯೂ ಇಲ್ಲಿ ಪರಿಣಾಮ ಬೀರುತ್ತದೆ. ಹುಡುಗಿಯೊಬ್ಬಳು ತಾಯಿಯ ತಮ್ಮನನ್ನು ಮದುವೆಯಾದರೆ ಅವಳ ಮಾವನೇ ಅವಳ ತಾಯಿಯ ತಂದೆ. ಅವಳ ಮಕ್ಕಳಿಗೆ ಒಬ್ಬನೇ ಮನುಷ್ಯ ತಂದೆಯ ಕಡೆಯಿಂದ ಅಜ್ಜ, ತಾಯಿಯ ಕಡೆಯಿಂದ ಮುತ್ತಜ್ಜ. ಎರಡು ಕಡೆಯವರು ಪ್ರತ್ಯೇಕವಾಗಿ ಸೇರಿಸಿದ್ದರೆ ಅವನಿಗೆ ಎರಡು ಐಡಿಗಳು ಬಂದಿರುತ್ತವೆ, ಅವುಗಳನ್ನು ಒಂದು ಮಾಡಲೇಬೇಕು. ವಿಲೀನವಾದ ಮೇಲೂ ಚಿತ್ರರೂಪದ ಮರದಲ್ಲಿ ಅವನು ಎರಡು ಜಾಗಗಳಲ್ಲಿ ಕಾಣಿಸಿಕೊಳ್ಳುತ್ತಲೇ ಇರುತ್ತಾನೆ. ಅದು ನಕಲಲ್ಲ. ಎರಡೂ ಜಾಗಗಳಲ್ಲಿ ಐಡಿ ಒಂದೇ ಇದೆಯೇ ಎಂದು ನೋಡಿದರೆ ಸಾಕು. ನಮ್ಮ ಮದುವೆಯ ಪದ್ಧತಿ ತಿಳಿಯದ ಹೊರಗಿನವರು ಇದನ್ನು ತಪ್ಪೆಂದು ಬಗೆದು ಒಂದು ಸಂಬಂಧವನ್ನು ಕಿತ್ತುಹಾಕುವ ಸಾಧ್ಯತೆಯಿರುವುದರಿಂದ, ಆ ಪುಟದಲ್ಲಿಯೇ ಒಂದು ಸಾಲಿನ ವಿವರಣೆ ಬರೆದಿಡುವುದು ಒಳ್ಳೆಯದು. ದತ್ತು ಹೋದವರ ವಿಷಯವೂ ಹೀಗೆಯೇ. ಇಬ್ಬರು ಬೇರೆ ತಂದೆಯರ ಹೆಸರಿರುವ ಎರಡು ದಾಖಲೆಗಳು ಒಬ್ಬನೇ ದತ್ತುಪುತ್ರನವಾಗಿರಬಹುದು. ವಿಲೀನದ ನಂತರ ಹೆತ್ತವರು ಮತ್ತು ದತ್ತು ಪಡೆದವರು ಎಂಬ ಎರಡೂ ಸಂಬಂಧಗಳನ್ನು ಅವುಗಳ ಬಗೆ ನಮೂದಿಸಿ ಉಳಿಸಬೇಕು.

ಪುರಾವೆ ಎಲ್ಲಿ ಸಿಗುತ್ತದೆ? ಮನೆಯ ಕಾಗದಗಳು, 1954–55ರ ಖಾಸ್ರಾ ಪಹಣಿ, ಫೌತಿ ವರ್ಗಾವಣೆಯ ಆದೇಶಗಳು, ಶಾಲೆಯ ದಾಖಲಾತಿ, ಸಮಾಧಿಯ ಮೇಲಿನ ಬರಹ, ಕಾಶಿ ಗಯೆಗಳ ತೀರ್ಥಪುರೋಹಿತರ ವಹಿಗಳು. ಜಾಗೀರು, ಪಾಯಗಾಗಳ (ನಿಜಾಮರ ಆಪ್ತ ಸರದಾರರ ದೊಡ್ಡ ಜಾಗೀರುಗಳ) ಹಳ್ಳಿಗಳಲ್ಲಿ 1949ರಲ್ಲಿ ಜಾಗೀರುಗಳು ರದ್ದಾಗುವ ಮೊದಲಿನ ಕಾಗದಗಳು ಸರ್ಕಾರಿ ಖಾಲ್ಸಾ ಹಳ್ಳಿಗಳ ಕಾಗದಗಳಂತೆ ಒಂದೇ ದಫ್ತರದಲ್ಲಿ ಸಿಗುವುದಿಲ್ಲ. ಇವೆಲ್ಲಕ್ಕಿಂತ ವಿಶಿಷ್ಟವಾದವರು ಹೆಳವರು. ಎತ್ತಿನೊಡನೆ ಊರೂರು ಸುತ್ತಿ, ಒಕ್ಕಲು ಮನೆಗಳ ವಂಶಾವಳಿಯನ್ನು ಹೊತ್ತಿಗೆಗಳಲ್ಲಿ ಕಾಪಾಡಿ, ಸುಗ್ಗಿಯ ನಂತರ ಬಂದು ಅದನ್ನು ಮನೆಯವರ ಮುಂದೆ ಹೇಳಿ ಕಾಳು ಪಡೆಯುವ ಅವರ ವೃತ್ತಿ ಉತ್ತರ ಕರ್ನಾಟಕದ ದೊಡ್ಡ ಸಂಪತ್ತು. ಲಂಬಾಣಿ ತಾಂಡಾಗಳಿಗೆ ಢಾಡಿಗಳು ಇದೇ ಸೇವೆ ಸಲ್ಲಿಸುತ್ತ ಬಂದಿದ್ದಾರೆ. ಕಲಬುರಗಿಯ ಬಂದೇನವಾಜರ ದರ್ಗಾದಂಥ ಕಡೆ ಸೂಫಿ ಮನೆತನಗಳಲ್ಲಿ ಶಜರಾ ಎಂಬ ವಂಶಾವಳಿಗಳಿವೆ. ಹೆಳವರ ಹೊತ್ತಿಗೆಯಲ್ಲಿ ಅಣ್ಣತಮ್ಮಂದಿರು ಕವಲೊಡೆದು ಬೇರೆ ಊರಿಗೆ ಹೋದ ವಿವರ ಸಿಗುವ ಸಾಧ್ಯತೆಯಿರುವುದರಿಂದ, ಸಂಗಪ್ಪನ ಕಲಬುರಗಿ ಮತ್ತು ಸೋಲಾಪುರದ ದಾಖಲೆಗಳಂಥ ಜೋಡಿಗೆ ಅದಕ್ಕಿಂತ ಉತ್ತಮ ಸಾಕ್ಷಿ ಇಲ್ಲ.

ಆದರೆ ಸಾಕ್ಷಿಗಳನ್ನು ಎಣಿಸುವಾಗ ಅವು ಒಂದರಿಂದ ಒಂದು ಸ್ವತಂತ್ರವಾಗಿವೆಯೇ ಎಂದು ಕೇಳಬೇಕು. ಇಬ್ಬರು ಸಂಬಂಧಿಕರು ಒಬ್ಬರೇ ಅಜ್ಜಿಯ ಬಾಯಿಂದ ಕೇಳಿ ಬರೆದುಕೊಂಡಿದ್ದರೆ, ಅವರಿಬ್ಬರ ಬರಹ ಹೊಂದಿಕೆಯಾಗುವುದು ಸಹಜ. ಅದು ಎರಡು ಸಾಕ್ಷಿಯಾಗುವುದಿಲ್ಲ. ಅಜ್ಜಿಯ ಮಾತಿಗೆ ಖಾಸ್ರಾ ಪಹಣಿ ಹೊಂದಿದರೆ ಅದು ಎರಡು.

ವಿಲೀನಕ್ಕೆ ಕೈಹಾಕುವಾಗ ಕೆಳಗಿನ ತಲೆಮಾರಿನಿಂದ, ಅಂದರೆ ಕಾಗದಪತ್ರ ಹೆಚ್ಚಿರುವ ಕಡೆಯಿಂದ ಆರಂಭಿಸಿ ಮೇಲಕ್ಕೆ ಹೋಗಬೇಕು. ಪುರಾವೆಗಳು ಹೆಚ್ಚು ಸೇರಿರುವ ದಾಖಲೆಯನ್ನು ಉಳಿಸಿಕೊಳ್ಳುವುದು ವಾಡಿಕೆ. ಎರಡು ಪಾಠಗಳಲ್ಲಿ ಒಂದನ್ನು ಆರಿಸಿದಾಗ ಇನ್ನೊಂದನ್ನು ಪರ್ಯಾಯ ಹೆಸರಾಗಿ ಅಥವಾ ಟಿಪ್ಪಣಿಯಾಗಿ ಸೇರಿಸಬೇಕು; ‘1337 ಫಸಲಿ’ ಎಂಬ ಮೂಲಪಾಠ ಕಳೆದುಹೋಗಿ ಬರೀ 1928 ಉಳಿದರೆ, ಮುಂದಿನವರು ನಮ್ಮ ಲೆಕ್ಕವನ್ನು ಪರೀಕ್ಷಿಸಲಾರರು. ಸಂಗಪ್ಪನ ಎರಡು ದಾಖಲೆಗಳು ಕೂಡಿದ ಕೂಡಲೇ ಅವನಿಗೆ ಇಬ್ಬರು ತಂದೆಯರು, ಇಬ್ಬರು ತಾಯಂದಿರು, ಹೆಂಡತಿಯೂ ಎರಡೆರಡು ಸಲ ಕಾಣಿಸತೊಡಗುತ್ತಾರೆ, ಏಕೆಂದರೆ ಅವರ ನಕಲುಗಳೂ ಜೊತೆಯಲ್ಲಿ ಬಂದಿರುತ್ತವೆ. ಅವರನ್ನೂ ಒಬ್ಬೊಬ್ಬರಾಗಿ ಪರೀಕ್ಷಿಸಿ ಸೇರಿಸಿದ ನಂತರವೇ ಕೆಲಸ ಪೂರ್ತಿಯಾಗುತ್ತದೆ. ಇಬ್ಬರು ಹೆಂಡತಿಯರು ಕಂಡಾಗಲೂ ಆತುರ ಬೇಡ; ಮೊದಲ ಹೆಂಡತಿ ತೀರಿಕೊಂಡ ಮೇಲೆ ಅವಳ ತಂಗಿಯನ್ನೇ ತಂದುಕೊಂಡಿದ್ದರೆ ಇಬ್ಬರಿಗೂ ತಂದೆಯ ಹೆಸರು ಒಂದೇ, ತವರೂರು ಒಂದೇ, ಆದರೂ ಇಬ್ಬರು ಬೇರೆ ಬೇರೆ.

ಕಾರಣದ ಜಾಗದಲ್ಲಿ ‘ನಕಲು’ ಎಂದಷ್ಟೇ ಬರೆದು ಮುಗಿಸುವುದು ಬಹಳ ಕಡೆ ಕಾಣುತ್ತದೆ. ಅದರಿಂದ ಯಾರಿಗೂ ಉಪಯೋಗವಿಲ್ಲ. ಸಂಗಪ್ಪನಿಗೆ ಈ ರೀತಿ ಬರೆಯಬಹುದು: ‘ಎರಡೂ ದಾಖಲೆಗಳಲ್ಲಿ ತಂದೆ ಶರಣಪ್ಪ, ಹೆಂಡತಿ ನೀಲಮ್ಮ, ಹಿರಿಯ ಮಗ ಶರಣಪ್ಪ. 1337 ಫಸಲಿ ಮತ್ತು ಶಕೆ 1849 ಎರಡೂ 1927–28ಕ್ಕೆ ಹೊಂದುತ್ತವೆ. ಕಿರಿಯ ಮಗ ಸೋಲಾಪುರಕ್ಕೆ ಹೋದದ್ದು ಮನೆತನದ ಹೆಳವರ ಹೊತ್ತಿಗೆಯಲ್ಲಿದೆ. ಇದೇ ಹೆಸರಿನ ಮೊಮ್ಮಗ ಬೇರೆ ವ್ಯಕ್ತಿ, ಅವನ ಹೆಂಡತಿ ಗಂಗಮ್ಮ.’ ಕೊನೆಯ ವಾಕ್ಯ ವಿಶೇಷವಾಗಿ ಬೇಕಾದದ್ದು, ಏಕೆಂದರೆ ಮುಂದೆ ಮೊಮ್ಮಗನನ್ನೂ ಸೇರಿಸಿಬಿಡಲು ಬರುವವರನ್ನು ಅದು ತಡೆಯುತ್ತದೆ.

ಪರೀಕ್ಷೆಯ ನಂತರ ಇಬ್ಬರು ಬೇರೆಯವರೆಂದು ತಿಳಿದರೆ ಅದನ್ನೂ ದಾಖಲಿಸಬೇಕು. ಫ್ಯಾಮಿಲಿಸರ್ಚ್‌ನಲ್ಲಿ ‘ಹೊಂದಿಕೆಯಿಲ್ಲ’ ಎಂದು ಗುರುತಿಸಬಹುದು. ವಿಕಿಟ್ರೀಯಲ್ಲಿ ‘ತಿರಸ್ಕೃತ ಹೊಂದಿಕೆ’ ಮತ್ತು ‘ಇನ್ನೂ ವಿಲೀನವಾಗದ ಹೊಂದಿಕೆ’ ಎಂಬ ಎರಡು ಬಗೆಗಳಿವೆ. ಎರಡನೆಯದು ಬಹಳ ಉಪಯುಕ್ತ: ಅನುಮಾನವಿದೆ, ಪುರಾವೆ ಸಾಲದು ಎಂಬ ಪ್ರಾಮಾಣಿಕ ಸ್ಥಿತಿಯನ್ನು ಅದು ಹೇಳುತ್ತದೆ. ಪುರಾವೆ ಸಾಲದಿದ್ದಾಗ ನಕಲುಗಳನ್ನು ಹಾಗೆಯೇ ಬಿಡುವುದರಿಂದ ಮರ ಸ್ವಲ್ಪ ಅಸ್ತವ್ಯಸ್ತವಾಗಿ ಕಾಣುತ್ತದೆಯೇ ಹೊರತು ಮಾಹಿತಿ ನಷ್ಟವಾಗುವುದಿಲ್ಲ. ತಪ್ಪು ವಿಲೀನವನ್ನು ಹಿಂದಕ್ಕೆ ಪಡೆಯುವ ಅವಕಾಶ ಹಂಚಿಕೆಯ ಮರಗಳಲ್ಲಿದೆ, ಆದರೆ ಉಳಿದ ಪುಟದ ಮೇಲೆ ಆ ನಂತರ ಬೇರೆಯವರು ತಿದ್ದುಪಡಿ ಮಾಡಿದ್ದರೆ ಒಂದೇ ಹೆಜ್ಜೆಯಲ್ಲಿ ಬಿಡಿಸಲಾಗದು. ಯಾವ ಮಗು ಯಾರದು, ಯಾವ ಕಾಗದ ಯಾರದು ಎಂದು ಕೈಯಿಂದಲೇ ಬೇರ್ಪಡಿಸಬೇಕಾಗುತ್ತದೆ. ಆನ್ಸೆಸ್ಟ್ರಿಯ ಸ್ವಂತ ಮರದಲ್ಲಂತೂ ವಿಲೀನ ಹಿಂತಿರುಗದು, ಹಾಗಾಗಿ ಮೊದಲೇ ಗೆಡ್‌ಕಾಮ್ ಪ್ರತಿಯೊಂದನ್ನು ಇಳಿಸಿಟ್ಟುಕೊಳ್ಳಬೇಕು.

ದಾಖಲೆ ಸೇರಿಸಿದವರಿಗೆ ತಾಣದ ಮೂಲಕ ಸಂದೇಶ ಕಳುಹಿಸಿ, ಅವರ ಉತ್ತರಕ್ಕೆ ಕಾಯ್ದು, ಆಮೇಲೆ ವಿಲೀನಗೊಳಿಸುವುದು ಸೌಜನ್ಯದ ಜೊತೆಗೆ ಸಂಶೋಧನೆಯ ದೃಷ್ಟಿಯಿಂದಲೂ ಲಾಭದಾಯಕ. ಅದೇ ಪೂರ್ವಿಕನನ್ನು ಹುಡುಕುತ್ತಿರುವವರು ನಿಮ್ಮ ಬೀಗರೋ ದಾಯಾದಿಗಳೋ ಆಗಿರುತ್ತಾರೆ, ಅವರ ಮನೆಯ ಪೆಟ್ಟಿಗೆಯಲ್ಲಿ ನಿಮ್ಮಲ್ಲಿಲ್ಲದ ಕಾಗದವಿರಬಹುದು. ಬದುಕಿರುವವರ ವಿಷಯದಲ್ಲಿ ಮಾತ್ರ ವಿಲೀನದ ಪ್ರಶ್ನೆಯೇ ಬೇರೆ. ಹಂಚಿಕೆಯ ಮರಗಳು ಅವರ ವಿವರಗಳನ್ನು ಸಾರ್ವಜನಿಕರಿಂದ ಮರೆಮಾಡುತ್ತವೆ, ಆದ್ದರಿಂದ ಕಲಬುರಗಿಯಲ್ಲಿರುವ ಒಬ್ಬ ಅಜ್ಜಿಯನ್ನು ಅವಳ ನಾಲ್ವರು ಮೊಮ್ಮಕ್ಕಳು ನಾಲ್ಕು ಕಡೆ ಪ್ರತ್ಯೇಕವಾಗಿ ಸೇರಿಸಿದ್ದರೂ ಒಬ್ಬರ ನಮೂದು ಇನ್ನೊಬ್ಬರಿಗೆ ಕಾಣದಿರಬಹುದು. ಆ ನಕಲುಗಳು ಅವಳ ಜೀವಮಾನವಿಡೀ ಹಾಗೆಯೇ ಇರಲಿ. ಅವುಗಳನ್ನು ಕೂಡಿಸಲೆಂದು ಬದುಕಿರುವವರನ್ನು ತೀರಿಕೊಂಡವರೆಂದು ಗುರುತಿಸುವ ಕೆಲಸವನ್ನು ಯಾರೂ ಮಾಡಬಾರದು.